ಗಾಜಿನ ಮಾಡಿನ ಜವಳಿ ಅಂಗಡಿ

ಕಾಂಚೀಪುರಂ
2 ಮೇ 1996

ಕಣ್ಣೇ ಕಯಲ್,

ಹೊಸ ಅಂಗಡಿ ತೆರೆದು ಹದಿನೈದು ದಿನ ದಾಟಿತು, ಬರೆಯಲು ಇವತ್ತು ಬಿಡುವು ಸಿಕ್ಕಿತು. ಫೋನಿನಲ್ಲಿ ನೀನು ಏನು ಹೇಳಿದರೂ ನನ್ನ ಕಿವಿಗೆ ದುಂಬಿ ಗುಂಯ್‌ಗುಟ್ಟಿದ ಹಾಗೆ ಕೇಳುತ್ತದೆ. ಆದ್ದರಿಂದ ಅತ್ತೆ ಸೋದರಸೊಸೆ ಇಬ್ಬರಿಗೂ ಅಂಚೆಯವನೇ ಗತಿ.

ಜನ ಬರುತ್ತಿದ್ದಾರೆ. ಕೊಳ್ಳುವವರಿಗಿಂತ ನೋಡುವವರೇ ಹೆಚ್ಚು. ಚೆಯ್ಯಾರಿನಿಂದ ಬಂದ ಒಬ್ಬಾಕೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕಂಬಗಳನ್ನೂ ಮೇಲೆ ಹಂಚಿನ ಬದಲು ಹಾಕಿದ ಗಾಜಿನ ಮಾಡನ್ನೂ ನೋಡಿ, ಕೆನ್ನೆ ಕೆನ್ನೆ ಬಡಿದುಕೊಂಡು, ಅರ್ಚನೆ ಎಷ್ಟು ಹೊತ್ತಿಗೆ ಎಂದು ಕೇಳಿದಳು. ನಮ್ಮ ಕುಮರೇಸನ್ ಮೂವತ್ತು ವರ್ಷದಿಂದ ಸೀರೆ ಬಿಚ್ಚಿ ತೋರಿಸಿದವನು, ಅವನೂ ಗಡಿಯಾರದ ಕಡೆ ನೋಡಿದ. ಎದುರಂಗಡಿಯವನು ಸುಮ್ಮನಿರುತ್ತಾನೆಯೇ? ದಿನಾ ಒಮ್ಮೆ ಬಂದು ಕತ್ತೆತ್ತಿ ನೋಡುತ್ತಾನೆ. "ಮರಗದಮ್ಮ, ಮಳೆ ಬಂದ್ರೆ ಇಲ್ಲಿ ಸೀರೆ ಮಾರ್ತೀರೋ, ಮೀನು ಹಿಡೀತೀರೋ?" ಅಂದ. ಹೊಟ್ಟೆಕಿಚ್ಚಿಗೆ ಮದ್ದುಂಟೆ.

ಶನಿವಾರ ಸಂಜೆ, ನೀನು ಹೇಳಿ ಹೋದ ಹಾಗೆ, ನಡುವಿನ ಅಂಗಳದಲ್ಲಿ ಜಮಖಾನ ಹಾಸಿ ದೇವಸ್ಥಾನದಲ್ಲಿ ದೇವರ ಪದ ಹಾಡುವ ಓದುವಾರರಿಂದ ಹಾಡಿಸಿದೆವು. ಗೋಡೆಗೆ ತೂಗುಹಾಕಿದ ಹಳೆಯ ಸೆರಗುಗಳನ್ನು ನೋಡಿ, ಇದು ನನ್ನ ಅಜ್ಜ ನೇಯ್ದದ್ದು, ಅದು ನಮ್ಮ ಬೀದಿಯದು ಎಂದು ನೇಕಾರರ ಹುಡುಗಿಯರು ತೋರಿಸಿ ತೋರಿಸಿ ಮಾತಾಡಿಕೊಂಡರು. ನನಗೆ ಹಾಡು ಅಷ್ಟು ಕೇಳಿಸಲಿಲ್ಲ. ಆದರೆ ಆ ಬೆಳಕಿನಲ್ಲಿ ಎಲ್ಲರ ಮುಖ ಚೆನ್ನಾಗಿ ಕಂಡಿತು.

ಗಾಜಿನ ಕೆಳಗೆ ನೀನು ಕಟ್ಟಿಸಿದ ಕರಿಕಲ್ಲ ಕಟ್ಟೆಯ ಮೇಲೆ ಮುರುಗನ ಪಟ, ಪಕ್ಕದಲ್ಲಿ ನಿನ್ನಪ್ಪನ ಪಟ. ಮದುವೆಯವರು ಆರಿಸಿ ಅರಿಶಿನ ಹಚ್ಚಿ ಬಿಟ್ಟುಹೋಗುವ ಸೀರೆಗಳನ್ನೂ ಅಲ್ಲೇ ಇಡುತ್ತಿದ್ದೇನೆ. ಅರಿಶಿನ ಹಚ್ಚಿದ ಮೇಲೆ ಅದು ದೇವರ ಸ್ವತ್ತು, ಬೀರುವಿನಲ್ಲಿ ಮುಚ್ಚಿಡುವಂತಿಲ್ಲ, ನಿನಗೆ ಗೊತ್ತಲ್ಲ. ಹಳೆಯ ಅಂಗಡಿಯಲ್ಲಿ ದೇವರ ಮೂಲೆ ಎಂದರೆ ಮಸಿ ಹಿಡಿದ ಗೂಡು. ಈಗ ದೇವರಿಗೂ ಮದುಮಗಳಿಗೂ ಮರ್ಯಾದೆ ಬಂತು.

"ಅಂಗಡಿ ಕಟ್ಟೋದಾದ್ರೆ ಕಯಲೇ ಕಟ್ಟಲಿ, ಅಕ್ಕ" ಎಂದು ಸಾಯುವ ಮುಂಚೆ ನಿನ್ನಪ್ಪ ನನ್ನ ಕೈ ಹಿಡಿದು ಹೇಳಿದ್ದ. ಅವನ ಮಾತು ಉಳಿಸಿದೆ ಎಂಬ ಸಮಾಧಾನ ನನಗೆ. ಜೂನ್‌ನಲ್ಲಿ ನಿನ್ನ ಗಂಡನನ್ನು, ನಮ್ಮ ಮಾಪಿಳ್ಳೆಯನ್ನು, ಕರೆದುಕೊಂಡು ಬಾ.

ನಿನ್ನ ಅತ್ತೆ
ಮರಗದಂ


ಅಹಮದಾಬಾದ್
20 ಮೇ 1996

ಪ್ರೀತಿಯ ಅತ್ತೆ,

ನಿಮ್ಮ ಪತ್ರವನ್ನು ನಿಮ್ಮ ಮಾಪಿಳ್ಳೆ ಪೂವಣ್ಣನ್ ಗಟ್ಟಿಯಾಗಿ ಓದಿದರು. ಚೆಯ್ಯಾರಿನಾಕೆಯ ಕಥೆ ಕೇಳಿ ಇಬ್ಬರೂ ನಕ್ಕೆವು. ಆಕೆ ಮತ್ತೆ ಬಂದರೆ ಒಂದು ಹೂವು ಕೊಟ್ಟು ಕಳಿಸಿ, ಪಾಪ.

ನಾನು ಚಿಕ್ಕವಳಿದ್ದಾಗ ನಮ್ಮ ಅಂಗಡಿಗೆ ಬಂದವರೆಲ್ಲ ಸೀರೆಯ ನಿಜವಾದ ಬಣ್ಣ ನೋಡಲು ಅದನ್ನು ಹೊತ್ತು ಬೀದಿ ಬಾಗಿಲಿಗೆ ಓಡುತ್ತಿದ್ದರು. ಅಪ್ಪ ಹಿಂದೆಯೇ ಓಡುತ್ತಿದ್ದರು, ಸೆರಗು ಚರಂಡಿಗೆ ಬೀಳದ ಹಾಗೆ ಎರಡು ಕೈಯಲ್ಲಿ ಹಿಡಿದುಕೊಂಡು. ಬೀದಿಯ ಆ ಬೆಳಕನ್ನೇ ಒಳಗೆ ತಂದುಬಿಟ್ಟರೆ ಅಪ್ಪ ಓಡುವುದು ತಪ್ಪುತ್ತದೆ ಅಂದುಕೊಳ್ಳುತ್ತಿದ್ದೆ. ಅಪ್ಪ ಹೋದ ಮೇಲೆ ಅದನ್ನು ಒಳಗೆ ತಂದಿದ್ದೇನೆ, ಏನು ಮಾಡಲಿ.

ಅರಿಶಿನದ ಸೀರೆಗಳು ಆ ಕಟ್ಟೆಯ ಮೇಲಿರುವುದು ಓದಿ ಬಹಳ ಖುಷಿಯಾಯಿತು. ನಾನು ದೀಪಕ್ಕೆ, ಹೂವಿಗೆ ಎಂದು ಮಾಡಿದ್ದೆ. ನೀವು ಅದಕ್ಕೆ ಇನ್ನೂ ಒಳ್ಳೆಯ ಕೆಲಸ ಕೊಟ್ಟಿರಿ. ಇದುವರೆಗೆ ಬೇರೆಯವರ ಹೆಸರಿನ ಕಟ್ಟಡಗಳಿಗೆ ಗೆರೆ ಎಳೆದುಕೊಟ್ಟವಳು ನಾನು. ಇದೊಂದು ನನ್ನದು.

ಜೂನ್‌ನಲ್ಲಿ ಬರಲಾಗುವುದಿಲ್ಲ ಅತ್ತೆ. ಆಫೀಸಿನಲ್ಲಿ ಕೆಲಸ ತಲೆಮೇಲೆ ಬಂದಿದೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿ, ಒರಗಿಕೊಂಡು ಬರೆಯುತ್ತಿದ್ದೇನೆ. ಇಲ್ಲಿಯ ಪತ್ರಿಕೆಯೊಂದರವರು ಅಂಗಡಿಯ ಫೋಟೋ ಕೇಳುತ್ತಿದ್ದಾರೆ. ತೆಗೆಸಿ ಕಳಿಸುತ್ತೀರಾ?

ನಿಮ್ಮ
ಕಯಲ್ವಿಳಿ


ಕಾಂಚೀಪುರಂ
12 ಜುಲೈ 1996

ಕಣ್ಣೇ,

ಕೈಗೆ ಬಿಡುವಿಲ್ಲ. ಆಡಿ ತಿಂಗಳು ಹುಟ್ಟುವ ಮುಂಚೆ ಮದುವೆ ಸೀರೆ ಆರಿಸಿಬಿಡಬೇಕೆಂದು ಜನ ಮುಗಿಬಿದ್ದಿದ್ದಾರೆ. ಆಡಿಯಲ್ಲಿ ಮದುವೆಯ ಜವಳಿ ಮನೆಗೆ ಒಯ್ಯುವವರು ಯಾರೂ ಇಲ್ಲ. ಆರಿಸಿ, ಅಂಚಿಗೆ ಅರಿಶಿನ ಹಚ್ಚಿ, ನಮ್ಮ ಕೈಗೆ ಒಪ್ಪಿಸಿ, ಮುಂದಿನ ತಿಂಗಳು ಆವಣಿಯಲ್ಲಿ ಒಳ್ಳೆಯ ದಿನ ಬಂದು ತೆಗೆದುಕೊಂಡು ಹೋಗುತ್ತಾರೆ. ಕಟ್ಟೆಯ ಮೇಲೆ ಈಗ ನಿನ್ನಪ್ಪನ ಗದ್ದದವರೆಗೆ ಸೀರೆ.

ಕಾಮಾಕ್ಷಿ ಕೋವಿಲ್ ಬಾಗಿಲಲ್ಲಿ ಹೂ ಕಟ್ಟುವ ರಾಜಾಮಣಿ ನೆನಪಿದ್ದಾಳೆಯೇ? ಅವಳ ಮಗಳು ಪೂಂಗೊಡಿಗೆ ಮದುವೆ ಗೊತ್ತಾಗಿದೆ, ಹುಡುಗನದು ಆರಣಿ. ತಾಯಿ ಮಗಳು ಇಬ್ಬರೂ ಬೆಳಿಗ್ಗೆ ಬಂದು ಕೂತವರು ಮಧ್ಯಾಹ್ನ ದಾಟಿದರೂ ಏಳಲಿಲ್ಲ. ಕೊನೆಗೆ ಹುಡುಗಿ ದಾಳಿಂಬೆ ಬಣ್ಣದ್ದೊಂದನ್ನು ಹೆಗಲ ಮೇಲೆ ಹಾಕಿಕೊಂಡು ನಿನ್ನ ಗಾಜಿನ ಕೆಳಗೆ ನಿಂತಳು. ಅಂಗಡಿಯಲ್ಲಿ ಇದ್ದವರೆಲ್ಲ ತಮ್ಮ ಸೀರೆ ಬಿಟ್ಟು ಇವಳನ್ನು ನೋಡಿದರು. ರಾಜಾಮಣಿ ಅತ್ತಳು. ಕುಮರೇಸನ್ ಬಿಲ್ಲು ಬರೆಯುವುದು ಬಿಟ್ಟು ಮೂಗು ಒರೆಸಿಕೊಂಡ, ಮುದುಕನಿಗೆ ನಾಚಿಕೆ ಇಲ್ಲ.

ಆಡಿಯಲ್ಲಿ ನಿನ್ನಪ್ಪನ ತಿಥಿ. ಅದಕ್ಕಾದರೂ ಬರುತ್ತೀಯಲ್ಲ?

ಮರಗದಂ


ಅಹಮದಾಬಾದ್
29 ಜುಲೈ 1996

ಪ್ರೀತಿಯ ಅತ್ತೆ,

ಈ ಸಲವೂ ಬರಲಾಗುತ್ತಿಲ್ಲ. ದೊಡ್ಡವರು ಯಾರೋ ಆಫೀಸಿಗೆ ಬರುವವರಿದ್ದಾರೆ, ರಜೆ ಇಲ್ಲ. ಕೋಪ ಮಾಡಿಕೊಳ್ಳಬೇಡಿ.

ಒಂದು ಗುಟ್ಟು ಹೇಳುತ್ತೇನೆ. ಚಿತ್ತಿರೈ ತಿಂಗಳಲ್ಲಿ ಒಮ್ಮೆ, ಆಡಿ ಮುಗಿಯುವ ಹೊತ್ತಿಗೆ ಇನ್ನೊಮ್ಮೆ, ನಮ್ಮ ಊರಿನಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಕಪಾಟುಗಳ ಮೇಲೆ ವರ್ಷವಿಡೀ ಒಂದು ಎಳೆ ಬಿಸಿಲೂ ಬೀಳದ ಹಾಗೆ ಲೆಕ್ಕ ಹಾಕಿ ಗಾಜು ಕೂರಿಸಿದ್ದೇನೆ. ಕಟ್ಟೆಗೆ ಮಾತ್ರ ಬೇಕೆಂದೇ ದಾರಿ ಬಿಟ್ಟೆ. ಅಪ್ಪ ಹೋದದ್ದು ಆಡಿಯಲ್ಲಲ್ಲವೇ. ಆ ದಿನಗಳಲ್ಲಿ ನಡು ಮಧ್ಯಾಹ್ನ ಬಿಸಿಲು ನೇರವಾಗಿ ಅವರ ಮುಂದೆ ಇಳಿಯುತ್ತದೆ. ಇದನ್ನು ಯಾರಿಗೂ ಹೇಳಿರಲಿಲ್ಲ, ಪೂವಣ್ಣನ್‌ಗೂ ಕೂಡ. ತಿಥಿಯ ದಿನ ನೀವು ನೋಡಿ ನನಗೆ ಬರೆಯಿರಿ. ನಾನು ಇಲ್ಲಿಂದಲೇ ನೋಡಿದ ಹಾಗೆ ಆಗುತ್ತದೆ.

ನಿಮ್ಮ
ಕಯಲ್


ಕಾಂಚೀಪುರಂ
19 ಆಗಸ್ಟ್ 1996

ಕಯಲ್,

ತಿಥಿ ಮುಗಿಯಿತು. ಬಿಸಿಲು ಬಂದದ್ದು ನಿಜ. ನೋಡಿದೆ. ನಿನ್ನಪ್ಪ ಎದ್ದು ಕೂತ ಹಾಗೆ ಕಂಡ.

ಮಾಡಿನ ಕೆಳಗೆ ಉದ್ದಕ್ಕೂ ಬಟ್ಟೆ ಕಟ್ಟಿಸಿದ್ದೇನೆ. ಏನಿಲ್ಲ, ಸ್ವಲ್ಪ ತಂಪಿರಲಿ ಎಂದು. ನೀನು ಕೇಳಿದ ಫೋಟೋಗಳನ್ನು ಇದರ ಜೊತೆ ಇಟ್ಟಿದ್ದೇನೆ, ಬಟ್ಟೆ ಕಟ್ಟಿದ ಮೇಲೆ ತೆಗೆಸಿದ್ದು.

ಎರಡು ದಿನದ ಮಟ್ಟಿಗೆ ಬಂದು ಹೋಗಲು ಆಗುತ್ತದೆಯೇ? ನಿನ್ನ ಹತ್ತಿರ ಒಂದು ವಿಷಯ ಕೇಳಬೇಕು. ಕಾಗದದಲ್ಲಿ ಬರೆಯುವಂಥದ್ದಲ್ಲ. ಮುಖ ನೋಡಿ ಹೇಳಬೇಕು. ಅಡಿಗೆಯವಳು ಕಾಯುತ್ತಿದ್ದಾಳೆ, ನಿಲ್ಲಿಸುತ್ತೇನೆ.

ಮರಗದಂ


ಅಹಮದಾಬಾದ್
30 ಆಗಸ್ಟ್ 1996

ಪ್ರೀತಿಯ ಅತ್ತೆ,

ನೀವು ನನ್ನ ಗುರುವಾಗಿಬಿಟ್ಟಿರಿ. ಫೋಟೋಗಳನ್ನು ಕೈಯಿಂದ ಕೆಳಗಿಡುತ್ತಿಲ್ಲವೆಂದು ಪೂವಣ್ಣನ್ ತಮಾಷೆ ಮಾಡುತ್ತಿದ್ದಾರೆ. ನೇಯ್ದ ಉದ್ದನೆಯ ಪಟ್ಟಿಗಳು ಮಾಡಿನಿಂದ ಜೋಲುಬಿದ್ದು, ಬೆಳಕು ಅವುಗಳ ಬಣ್ಣ ಹೊತ್ತು ನೆಲಕ್ಕೆ ಇಳಿಯುವುದು! ಏನೋ ಕೊರತೆ ಇದೆ ಎಂದು ನನಗೆ ಮೊದಲಿಂದ ಅನ್ನಿಸುತ್ತಿತ್ತು, ಏನೆಂದು ಗೊತ್ತಾಗಿರಲಿಲ್ಲ. ಪತ್ರಿಕೆಯವರು ಫೋಟೋ ನೋಡಿ ಕುಣಿದಾಡುತ್ತಿದ್ದಾರೆ. ಇದು ಅಂಗಡಿಯ ಯಜಮಾನಿಯ ಕಲ್ಪನೆ ಎಂದು ಬರೆಸುತ್ತಿದ್ದೇನೆ. ದಯವಿಟ್ಟು ಅವನ್ನು ತೆಗೆಯಬೇಡಿ.

ಬರುವುದು ಮಾತ್ರ ಈಗ ಸಾಧ್ಯವಿಲ್ಲ. ಮನೆಗೆ ಬೆಂಕಿ ಬಿದ್ದ ಹಾಗೆ ಕರೆಯುತ್ತೀರಲ್ಲ, ಏನಂಥ ವಿಷಯ? ಎದುರಂಗಡಿಯವನು ಮತ್ತೇನಾದರೂ ಅಂದನೇ? ಅವನಿಗೆ ನನ್ನ ಹೆಸರು ಹೇಳಿ, ಮುಂದಿನ ಸಲ ಅವನ ಅಂಗಡಿಯನ್ನೂ ನಾನೇ ಕಟ್ಟಿಕೊಡುತ್ತೇನಂತೆ.

ನಿಮ್ಮ
ಕಯಲ್


ಕಾಂಚೀಪುರಂ
9 ಸೆಪ್ಟೆಂಬರ್ 1996

ಕಯಲ್ವಿಳಿ,

ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ನಿನ್ನ ಪತ್ರ ನೋಡಿದ ಮೇಲೆ ಆಗುತ್ತಿಲ್ಲ. ನೀನು ಕುಣಿದಾಡಿದ ಆ ಬಟ್ಟೆಗಳು ಅಲಂಕಾರಕ್ಕೆ ಕಟ್ಟಿದ್ದಲ್ಲ. ನಿನ್ನ ಬೆಳಕನ್ನು ತಡೆಯಲು ಕಟ್ಟಿದ್ದು.

ಆವಣಿ ಒಂದರಂದು, ನಿನಗೆ ಫೋಟೋ ಕಳಿಸುವ ಎರಡು ದಿನ ಮುಂಚೆ, ರಾಜಾಮಣಿ ಮಗಳನ್ನು ಕರೆದುಕೊಂಡು ಸೀರೆ ಒಯ್ಯಲು ಬಂದಳು. ಕುಮರೇಸನ್ ಮಡಿಕೆ ಬಿಚ್ಚಿದ. ಹೊರಕ್ಕೆ ಮುಖ ಮಾಡಿದ್ದ ಮಡಿಕೆ ಮಡಿಕೆಗೂ ದಾಳಿಂಬೆ ಕೆಂಪು ಬಿಳಿಚಿ, ಅಡ್ಡಡ್ಡ ಪಟ್ಟಿ ಎದ್ದಿತ್ತು. ಉಳಿದವೂ ಹಾಗೆಯೇ, ಕೆಲವು ಹೆಚ್ಚು ಕೆಲವು ಕಡಿಮೆ. ರೇಷ್ಮೆಯನ್ನು ಬಿಸಿಲಿಗೆ ಇಡಬಾರದೆಂದು ನನಗೆ ಗೊತ್ತಿಲ್ಲವೇ? ಐವತ್ತು ವರ್ಷದಿಂದ ಈ ಕಸುಬಿನಲ್ಲಿದ್ದೇನೆ. ಆದರೆ ದೇವರ ಮುಂದೆ ಇಟ್ಟದ್ದನ್ನು ಯಾರಾದರೂ ಅನುಮಾನದಿಂದ ನೋಡುತ್ತಾರೆಯೇ? ದಿನಾ ಊದುಬತ್ತಿ ಹಚ್ಚಿ ಕೈಮುಗಿದೆ. ತಿಥಿಯ ದಿನ ನಿನ್ನಪ್ಪನ ಮುಖದ ಮೇಲೆ ಬಿಸಿಲು ನೋಡಿ ಕಣ್ಣೀರು ಹಾಕಿದೆನಲ್ಲ, ಅದೇ ಬಿಸಿಲು ಆ ಸೀರೆಗಳ ಮೇಲೂ ಇತ್ತು. ನೋಡುತ್ತಲೇ ಇದ್ದೆ, ಕಾಣಲಿಲ್ಲ.

ಬೇರೆ ಸೀರೆ ಕೊಡುತ್ತೇನೆ, ಯಾವುದು ಬೇಕಾದರೂ ತೆಗೆದುಕೋ ಅಂದೆ. ಅರಿಶಿನ ಹಚ್ಚಿದ್ದನ್ನು ಬದಲಿಸುವುದು ಎಂದರೆ ಮದುಮಗನನ್ನು ಬದಲಿಸಿದ ಹಾಗೆ ಎಂದು ರಾಜಾಮಣಿ ಒಪ್ಪಲಿಲ್ಲ. ಮತ್ತೆ ಬಣ್ಣಕ್ಕೆ ಹಾಕಿದರೆ ಜರಿ ಕಪ್ಪಾಗುತ್ತದೆ. ಅದನ್ನೇ ಮಡಿಸಿಕೊಂಡು ಹೋದಳು.

ಕಳೆದ ಶುಕ್ರವಾರ ಮದುವೆ. ಹೋಗದಿದ್ದರೆ ತಪ್ಪು, ಹೋದರೆ ನರಕ. ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ವೀಡಿಯೋದವನು ದೀಪ ಹಾಕಿದ. ಹುಡುಗಿ ಹಸೆಯ ಮೇಲೆ ಬಗ್ಗಿದಾಗಲೆಲ್ಲ ಬೆನ್ನ ಮೇಲೆ ಬಿಳಿಯ ಪಟ್ಟಿ. ಹುಡುಗನ ದೊಡ್ಡತ್ತೆಯದು ಊರಿಗೆಲ್ಲ ಕೇಳುವ ಗಂಟಲು, ನನಗೇ ಕೇಳಿಸಿತೆಂದರೆ ನೋಡು. "ಯಾರೋ ಉಟ್ಟು ಬಿಟ್ಟಿದ್ದನ್ನ ಉಡಿಸಿ ಕಳಿಸ್ತಿದಾರಲ್ಲಾ?" ಅಂದಳು. ರಾಜಾಮಣಿ ತಲೆ ಎತ್ತಲಿಲ್ಲ. ನಾನು ಎದ್ದು, ತಪ್ಪು ನನ್ನ ಅಂಗಡಿಯದು ಎಂದು ಹೇಳಬೇಕಿತ್ತು. ಏಳಲಿಲ್ಲ, ಕಯಲ್. ಅಕ್ಷತೆ ಹಾಕಲು ಹೋದಾಗ ಆ ಮಗು ಸ್ವಂತ ಅಜ್ಜಿಯನ್ನು ಕರೆದ ಹಾಗೆ ನನ್ನ ಕಿವಿಯ ಹತ್ತಿರ ಬಾಯಿಟ್ಟು, "ಪಾಟಿ, ನಾನೇ ಆರಿಸಿದ್ದು. ನೀವು ಅಳಬೇಡಿ" ಅಂದಳು. ಮದುಮಗಳ ಹತ್ತಿರ ಸಮಾಧಾನ ಹೇಳಿಸಿಕೊಂಡು ಬಂದವಳು ನಾನು.

ಊರ ಬಾಯಿಗೆ ಮುಚ್ಚಳವಿಲ್ಲ. ಬಣ್ಣ ತಿನ್ನುವ ಅಂಗಡಿ ಎಂಬ ಹೆಸರು ಬಂದಿದೆ. ಕಟ್ಟೆಯ ಮೇಲಿಂದ ತೆಗೆದು ಬೀರುವಿನಲ್ಲಿಟ್ಟಿದ್ದೇನೆ, ನೋಡಿ ಅಂದರೂ ಯಾರೂ ನಂಬುವುದಿಲ್ಲ. ಒಳಗೆ ಬಂದವರು ಮೊದಲು ತಲೆ ಎತ್ತಿ ಮಾಡು ನೋಡುತ್ತಾರೆ, ಆಮೇಲೆ ಹೊರಟುಬಿಡುತ್ತಾರೆ.

ಬಾ ಬಾ ಎಂದು ಎಷ್ಟು ಸಲ ಕರೆದೆ? ಪತ್ರಿಕೆಯವರಿಗೆ ನಿನ್ನ ಹತ್ತಿರ ಸಮಯವಿದೆ, ನನಗಿಲ್ಲ. ನೋಡಲು ಚೆಂದ ಕಟ್ಟಿದೆ, ಇರುವವರ ಪಾಡು ಕೇಳಲು ಒಮ್ಮೆಯೂ ಬರಲಿಲ್ಲ. ನಿನ್ನಪ್ಪ ಇದ್ದಿದ್ದರೆ ತಲೆ ತಗ್ಗಿಸುತ್ತಿದ್ದ. ಗಾಜು ತೆಗೆಸಿ ಹಂಚು ಹೊದಿಸುತ್ತೇನೆ. ನಿನ್ನನ್ನು ಕೇಳುತ್ತಿಲ್ಲ, ಹೇಳುತ್ತಿದ್ದೇನೆ.

ಮರಗದಂ


ಅಹಮದಾಬಾದ್
10 ಸೆಪ್ಟೆಂಬರ್ 1996

ಅತ್ತೆಯವರಿಗೆ ಪೂವಣ್ಣನ್‌ನ ನಮಸ್ಕಾರಗಳು.

ಕಯಲ್‌ಗೆ ಗೊತ್ತಿಲ್ಲದೆ ಬರೆಯುತ್ತಿದ್ದೇನೆ. ಅವಳಿಗೆ ಈಗ ಆರು ತಿಂಗಳು. ಹಿಂದೆ ಎರಡು ಸಲ ನಿಲ್ಲಲಿಲ್ಲ, ಅದನ್ನೂ ನಿಮಗೆ ತಿಳಿಸಿರಲಿಲ್ಲ. ಈ ಸಲ ಮೇ ತಿಂಗಳಿಂದ ಹಾಸಿಗೆ ಬಿಟ್ಟು ಇಳಿಯುವ ಹಾಗಿಲ್ಲವೆಂದು ಡಾಕ್ಟರು ಹೇಳಿದ್ದಾರೆ. ಆಫೀಸಿನ ಕೆಲಸ ಬಿಟ್ಟು ನಾಲ್ಕು ತಿಂಗಳಾಯಿತು. ನಿಮಗೆ ತಿಳಿದರೆ ಅಂಗಡಿಗೆ ಬೀಗ ಹಾಕಿ ಮುಂದಿನ ರೈಲಿಗೇ ಬರುತ್ತೀರಿ ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ.

ನೀವು ಕಳಿಸಿದ ಫೋಟೋಗಳನ್ನು ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸಿಕೊಂಡಿದ್ದಾಳೆ. ದಿನವೆಲ್ಲ ಅದನ್ನೇ ನೋಡುತ್ತಿರುತ್ತಾಳೆ. ಬಾ ಎಂದು ಒತ್ತಾಯಿಸಬೇಡಿ. ಅಂಗಡಿಯ ಒಳ್ಳೆಯ ಸುದ್ದಿ ಎರಡು ಸಾಲು ಬರೆಯುತ್ತಿರಿ, ಅಷ್ಟು ಸಾಕು.

ಪೂವಣ್ಣನ್


ತಂತಿ
ಕಾಂಚೀಪುರಂ, 14 ಸೆಪ್ಟೆಂಬರ್ 1996

ಪೂವಣ್ಣನ್ ಅವರಿಗೆ. ಒಂಬತ್ತನೇ ತಾರೀಖಿನ ನನ್ನ ಪತ್ರ ಕಯಲ್‌ಗೆ ಕೊಡಬೇಡಿ. ಹರಿದುಹಾಕಿ. ಮರಗದಂ.


ಅಹಮದಾಬಾದ್
5 ಅಕ್ಟೋಬರ್ 1996

ಪ್ರೀತಿಯ ಅತ್ತೆ,

ಮಗು ಉಳಿಯಲಿಲ್ಲ. ಹೆಣ್ಣು. ಹತ್ತು ದಿನ ಆಸ್ಪತ್ರೆಯಲ್ಲಿದ್ದು ಈಗ ಮನೆಗೆ ಬಂದಿದ್ದೇನೆ. ಪೂವಣ್ಣನ್ ನಿಮಗೆ ಎಲ್ಲ ಬರೆದಿದ್ದರೆಂದು ಈಗ ಹೇಳಿದರು.

ನಿಮ್ಮ ಪತ್ರ ಓದಿದೆ. ನಿಮ್ಮ ತಂತಿಗಿಂತ ಮುಂಚೆಯೇ ಬಂದಿತ್ತು. ಆದರೆ ಅದು ಬರುವ ಮೊದಲೇ ಎಲ್ಲ ಆಗಿಹೋಗಿತ್ತು ಅತ್ತೆ. ನಿಮ್ಮ ಪತ್ರಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ. ಅದನ್ನು ತಲೆಗೆ ಹಚ್ಚಿಕೊಳ್ಳಬೇಡಿ. ನೀವು ಬರೆದದ್ದರಲ್ಲಿ ತಪ್ಪೇನೂ ಇಲ್ಲ. ಕಟ್ಟೆಗೆ ಬಿಸಿಲಿನ ದಾರಿ ಬಿಟ್ಟವಳು ನಾನು, ಸೀರೆ ಅಲ್ಲಿಡುತ್ತೇವೆಂದು ನೀವು ಬರೆದಾಗ ಖುಷಿಪಟ್ಟವಳೂ ನಾನೇ. ಪೂಂಗೊಡಿಯ ಬೆನ್ನು ಕಣ್ಣ ಮುಂದೆಯೇ ಇದೆ. ಅವಳಿಗೆ ಏನು ಹೇಳಬೇಕೋ ತಿಳಿಯದು.

ಒಂದೇ ಒಂದು ಕೇಳುತ್ತೇನೆ. ಮಾಡನ್ನು ಮುಚ್ಚಬೇಡಿ. ಕಟ್ಟೆ ಒಡೆಸಿ, ಬಟ್ಟೆ ಕಟ್ಟಿ, ಸೀರೆಗಳನ್ನು ಹಿಂದಿನ ಮನೆಯಲ್ಲಿಡಿ, ಏನು ಬೇಕಾದರೂ ಮಾಡಿ. ಗಾಜು ಇರಲಿ. ಇಷ್ಟು ವರ್ಷಗಳಲ್ಲಿ ನಾನು ಮಾಡಿದ್ದರಲ್ಲಿ ನಿಂತಿರುವುದು ಅದೊಂದೇ. ಐದು ತಿಂಗಳು ಈ ಕೋಣೆಯ ಸೂರು ನೋಡುತ್ತಾ ಮಲಗಿದ್ದೇನೆ. ಎದ್ದು ಓಡಾಡುವ ಹಾಗಾದ ಮೇಲೆ ಅಲ್ಲಿಗೆ ಬಂದು, ಅಂಗಳದಲ್ಲಿ ಚಾಪೆ ಹಾಸಿಕೊಂಡು, ಅದರ ಕೆಳಗೆ ಸ್ವಲ್ಪ ಹೊತ್ತು ಮಲಗಬೇಕು. ಬೇರೇನೂ ಬೇಡ.

ನಿಮ್ಮ
ಕಯಲ್


ಕಾಂಚೀಪುರಂ
12 ಅಕ್ಟೋಬರ್ 1996

ಕಣ್ಣೇ, ನನ್ನ ಬಂಗಾರ,

ನಿನ್ನ ಪತ್ರ ಕೈಗೆ ಬಂದ ಮೇಲೆ ನಿನ್ನೆಯಿಡೀ ಏನೂ ಮಾಡಲಿಲ್ಲ. ಏನು ಬರೆದರೂ ಅದು ಮಾತಷ್ಟೇ. ಚೆನ್ನಾಗಿ ಊಟ ಮಾಡು. ಬೆಳ್ಳುಳ್ಳಿ ಕುಳಂಬಿನ ಸಾರಿಗೆ ಪುಡಿ ಕಳಿಸುತ್ತಿದ್ದೇನೆ, ಬಾಣಂತಿಗೆ ಮಾಡುವ ಹಾಗೆಯೇ ಮಾಡಿಸಿಕೊಂಡು ತಿನ್ನು. ನಿನ್ನ ಮೈಗೆ ಅದು ಬೇಕು.

ಮಾಡಿನ ವಿಷಯ ಯೋಚಿಸಬೇಡ. ನೀನು ಕಟ್ಟಿದ ಹಾಗೆಯೇ ಇದೆ. ಬೆಳಕು ಬರುತ್ತಿದೆ. ಕೋಪದಲ್ಲಿ ಏನೇನೋ ಬರೆದೆ, ಮುಚ್ಚುವುದುಂಟೆ. ನೀನು ಬಂದಾಗ ಅಂಗಳದಲ್ಲಿ ಚಾಪೆ ಹಾಸಿರುತ್ತೇನೆ. ನಿಧಾನವಾಗಿ ಬಾ, ಅವಸರವಿಲ್ಲ.

ನಿನ್ನ ಅತ್ತೆ


ಕಾಂಚೀಪುರಂ
12 ಅಕ್ಟೋಬರ್ 1996

ಮಾಪಿಳ್ಳೆ ಪೂವಣ್ಣನ್ ಅವರಿಗೆ,

ಇದನ್ನು ನಿಮ್ಮ ಆಫೀಸಿನ ವಿಳಾಸಕ್ಕೆ ಹಾಕುತ್ತಿದ್ದೇನೆ. ಕಯಲ್ ಕಣ್ಣಿಗೆ ಬೀಳಬಾರದು.

ಅವಳ ಪತ್ರ ಬರುವ ಹೊತ್ತಿಗೆ ಹಂಚು ಹೊದಿಸಿ ವಾರವಾಗಿತ್ತು. ನಿಮ್ಮಿಂದ ಆಮೇಲೆ ಸುದ್ದಿಯೇ ಇರಲಿಲ್ಲ, ಎಲ್ಲ ಸರಿಯಾಗಿದೆ ಅಂದುಕೊಂಡೆ. ದೀಪಾವಳಿ ಹತ್ತಿರ ಬಂತು, ಅಂಗಡಿಗೆ ಒಬ್ಬರೂ ಕಾಲಿಡುತ್ತಿರಲಿಲ್ಲ, ನೇಯುವವರ ಮನೆಗಳಿಗೆ ನಾನು ಏನು ಉತ್ತರ ಹೇಳಲಿ? ಮೇಸ್ತ್ರಿಯನ್ನು ಕರೆಸಿಬಿಟ್ಟೆ. ಗಾಜು ಇಳಿಸುವಾಗ ಹೆಚ್ಚಿನವು ಒಡೆದವು. ಈಗ ಒಳಗೆ ಹಗಲಲ್ಲೂ ಟ್ಯೂಬ್‌ಲೈಟು. ಜನ ಮತ್ತೆ ಬರತೊಡಗಿದ್ದಾರೆ. ಸೀರೆ ಹೊತ್ತುಕೊಂಡು ಬೀದಿ ಬಾಗಿಲಿಗೆ ಹೋಗಿ ಬಣ್ಣ ನೋಡುತ್ತಾರೆ.

ಅಂಥ ಗಾಜು ಇಲ್ಲಿ ಸಿಗುವುದಿಲ್ಲವಂತೆ. ಅದನ್ನು ಎಲ್ಲಿಂದ ತರಿಸಿದ್ದಳೆಂದು, ಯಾಕೆಂದು ತಿಳಿಯದ ಹಾಗೆ ಅವಳಿಂದ ಕೇಳಿ ನನಗೆ ಬರೆಯಿರಿ. ತರಿಸಿ ಹಾಕಿಸಿದರೆ ಬಂದ ಜನ ಮತ್ತೆ ಹೋಗುತ್ತಾರೆ, ಅದೂ ಗೊತ್ತು. ಏನು ಮಾಡಬೇಕೆಂದು ನನಗೆ ತೋಚುತ್ತಿಲ್ಲ. ಅಲ್ಲಿಯವರೆಗೆ ಅವಳನ್ನು ಇಲ್ಲಿಗೆ ಕರೆತರಬೇಡಿ. ಏನಾದರೂ ನೆಪ ಹೇಳಿ.

ನನ್ನ ಪತ್ರ ಬರುವ ಮೊದಲೇ ಎಲ್ಲ ಆಗಿಹೋಗಿತ್ತು ಎಂದು ಬರೆದಿದ್ದಾಳೆ. ಆಸ್ಪತ್ರೆಯ ಹತ್ತು ದಿನ ಎಣಿಸಿದರೆ ನನಗೆ ಲೆಕ್ಕ ಕೂಡುತ್ತಿಲ್ಲ. ನಿಜವೇ? ನೀವು ಮನೆಯಲ್ಲಿದ್ದವರು, ನಿಮಗೆ ಗೊತ್ತಿರುತ್ತದೆ.

ಬೇಡ, ಅದನ್ನು ಬರೆಯಬೇಡಿ. ಗಾಜಿನ ವಿಷಯ ಮಾತ್ರ ಬರೆಯಿರಿ.

ಮರಗದಂ